ಬರೆದಿದ್ದು ಡಿಸ್ಕಿಗೆ ಹೋಯ್ತಾ?

ಬಾಗಲಗುಂಟೆಯ ನಮ್ಮ ರೂಮಲ್ಲಿ ಹಾರ್ಡ್ ಡಿಸ್ಕ್ ಇರೋ ಹಳೇ ಡೆಸ್ಕ್‌ಟಾಪ್ ಒಂದಿದೆ. ಪ್ರಾಜೆಕ್ಟ್‌ಗಾಗಿ ಮೋಟರ್ ಒಂದರ ಕಂಪನದ ರೀಡಿಂಗ್‌ಗಳನ್ನು ಅದರಲ್ಲಿ ಫೈಲಿಗೆ ಬರೆಯುತ್ತಿದ್ದೆವು. ಒಂದು ಸಂಜೆ ಮೋಟರ್ ವಿಚಿತ್ರವಾಗಿ ಸದ್ದು ಮಾಡಿತು, ಅಷ್ಟರಲ್ಲೇ ಕರೆಂಟ್ ಹೋಯ್ತು. ಕರೆಂಟ್ ಬಂದ ಮೇಲೆ ಲಿನಕ್ಸ್ ಸರಿಯಾಗಿಯೇ ಬೂಟ್ ಆಯ್ತು, ಫೈಲೂ ಇತ್ತು. ನಮಗೆ ಬೇಕಿದ್ದ ಆ ಕೊನೆಯ ಸೆಕೆಂಡುಗಳ ರೀಡಿಂಗ್ ಮಾತ್ರ ಇರಲಿಲ್ಲ!

ಯಾಕೆ ಹೀಗೆ? ಪ್ರೋಗ್ರಾಂ 'ಬರಿ' ಅಂದಾಗ ಡೇಟಾ ಮೊದಲು ಹೋಗೋದು ರ‍್ಯಾಮ್‌ಗೆ. ನಮ್ಮಲ್ಲಿದ್ದ ಇಎಕ್ಸ್‌ಟಿ4 ಫೈಲ್ ಸಿಸ್ಟಂ, ಡಿಸ್ಕಲ್ಲಿ ಜಾಗ ಗುರುತು ಮಾಡೋದನ್ನೂ ಮುಂದಕ್ಕೆ ಹಾಕುತ್ತದೆ. 8ನೇ ಮೈಲಿಯ ಶೇರ್ ಆಟೋ ಸೀಟು ತುಂಬೋವರೆಗೂ ಕಾಯೋ ಹಾಗೆ. ಎಷ್ಟು ಡೇಟಾ ಅಂತ ಗೊತ್ತಾದ ಮೇಲೆ ಒಟ್ಟಿಗೆ, ಪಕ್ಕಪಕ್ಕದಲ್ಲೇ ಜಾಗ ಕೊಡಬಹುದು. ಡಿಸ್ಕಿನ ಹೆಡ್ ಅಲೆದಾಡೋದು ತಪ್ಪುತ್ತದೆ.

ಲೆಕ್ಕ ಬರೆದಿಡೋದೂ ಹಗುರವಾಗುತ್ತದೆ. 1 ಜಿಬಿ ಫೈಲೆಂದರೆ 4 ಕೆಬಿಯ 2,62,144 ಬ್ಲಾಕ್. ಹಳೆಯ ಇಎಕ್ಸ್‌ಟಿ3 ಒಂದೊಂದು ಬ್ಲಾಕಿನ ವಿಳಾಸವನ್ನೂ ಬೇರೆಬೇರೆ ಬರೆದಿಡುತ್ತಿತ್ತು. ಇಎಕ್ಸ್‌ಟಿ4 'ಇಲ್ಲಿಂದ ಇಷ್ಟು ಬ್ಲಾಕ್' ಎಂದು ಬರೆಯುತ್ತದೆ, ಇದೇ ಎಕ್ಸ್‌ಟೆಂಟ್. ಒಂದು ಎಕ್ಸ್‌ಟೆಂಟಿಗೆ 128 ಎಂಬಿವರೆಗೆ ಹಿಡಿಯುವುದರಿಂದ, ಜಾಗ ಸತತವಾಗಿದ್ದರೆ 8 ಎಂಟ್ರಿ ಸಾಕು. ಈ ವಿನ್ಯಾಸವನ್ನು ವಿವರಿಸಿ 2007ರ ಒಟ್ಟಾವಾ ಲಿನಕ್ಸ್ ಸಿಂಪೋಸಿಯಂನಲ್ಲಿ ಬಂದ ಪ್ರಬಂಧದ ಲೇಖಕರಲ್ಲಿ, ಆಗ ಬೆಂಗಳೂರಿನ ಐಬಿಎಂನಲ್ಲಿದ್ದ ಸುಪರ್ಣಾ ಭಟ್ಟಾಚಾರ್ಯ ಅವರೂ ಒಬ್ಬರು.

ಹಾಗಾದರೆ ಜರ್ನಲ್ ಇತ್ತಲ್ಲ? ಇತ್ತು. ಮಾಮೂಲಿ ಸೆಟ್ಟಿಂಗ್‌ನಲ್ಲಿ ಅದು ಕಾಯೋದು ಫೈಲ್ ಸಿಸ್ಟಂನ ಲೆಕ್ಕಪತ್ರವನ್ನು, ನಮ್ಮ ರೀಡಿಂಗನ್ನಲ್ಲ. ಡೇಟಾವನ್ನೂ ಜರ್ನಲ್‌ಗೆ ಹಾಕಿಸಬಹುದು, ಆದರೆ ಆಗ ಪ್ರತಿಯೊಂದನ್ನೂ ಎರಡು ಸಲ ಬರೆಯಬೇಕು.

'ಡಿಸ್ಕಿಗೆ ಹೋಗೋವರೆಗೂ ಕಾಯಿ' ಅನ್ನಲು ಎಫ್‌ಸಿಂಕ್ ಇದೆ. ಸಿಟ್ಟಲ್ಲಿ ಪ್ರತಿ ರೀಡಿಂಗಿಗೂ ಅದನ್ನೇ ಹಾಕಿದೆವು, ಪ್ರೋಗ್ರಾಂ ಕುಂಟತೊಡಗಿತು. ಲೆಕ್ಕ ಸುಲಭ. ನಿಮಿಷಕ್ಕೆ 7200 ಸುತ್ತು ತಿರುಗೋ ಡಿಸ್ಕಿಗೆ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್ ಬೇಕು. ಸಾಲಿಗೆ ಒಂದೇ ಸುತ್ತು ಕಾದರೂ 1000 ಸಾಲಿಗೆ 8 ಸೆಕೆಂಡಿಗೂ ಹೆಚ್ಚು.

ಕೊನೆಗೆ ಸೆಕೆಂಡಿಗೊಮ್ಮೆ ಎಫ್‌ಸಿಂಕ್ ಮಾಡಿದೆವು. ಈಗ ಕರೆಂಟ್ ಹೋದರೆ ಕಳೆಯೋದು ಹೆಚ್ಚೆಂದರೆ ಒಂದೆರಡು ಸೆಕೆಂಡಿನ ರೀಡಿಂಗ್.

ನೀವೂ ಮಾಡಿ ನೋಡಿ: 1000 ಸಾಲು ಬರೆದು, ಒಮ್ಮೆ ಪ್ರತಿ ಸಾಲಿಗೂ, ಇನ್ನೊಮ್ಮೆ ಕೊನೆಗೆ ಮಾತ್ರ ಎಫ್‌ಸಿಂಕ್ ಮಾಡಿ ಸಮಯ ಅಳೆಯಿರಿ. ಪೈಥಾನ್ ಆದರೆ ಮೊದಲು ಫ್ಲಶ್, ಆಮೇಲೆ ಎಫ್‌ಸಿಂಕ್. ಎಷ್ಟು ಸೆಕೆಂಡಿನ ಡೇಟಾ ಕಳೆದರೆ ಪರವಾಗಿಲ್ಲ ಅನ್ನೋದನ್ನು ಫೈಲ್ ಸಿಸ್ಟಂ ಹೇಳೋದಿಲ್ಲ; ಅದನ್ನು ಕೋಡ್ ಬರೆಯೋ ಮೊದಲೇ ನಾವು ತೀರ್ಮಾನ ಮಾಡಬೇಕು.