ವಿದೇಶದಲ್ಲಿ ಓದು ಮತ್ತು ಬಿಡುವಿನ ದುಡಿಮೆ

ದುಡಿಯುತ್ತ ಓದುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಮೈಸೂರಿನಲ್ಲಿ ವಾರಾನ್ನದ ಊಟ ಮಾಡಿಕೊಂಡು, ಸಂಜೆ ನಾಲ್ಕು ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು ಪದವೀಧರರಾದವರ ತಲೆಮಾರೊಂದು ಆಗಿಹೋಗಿದೆ. ಕನ್ನಂಬಾಡಿ ಕಟ್ಟೆಯೊಡನೆ ಹೆಸರು ಸೇರಿಹೋಗಿರುವ ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ವೆಚ್ಚವನ್ನು ತಾವೇ ನೋಡಿಕೊಂಡರು, 1881ರಲ್ಲಿ ಬಿ.ಎ. ಪದವಿ ಪಡೆದರು. ಇಂದಿಗೂ ಪಾಂಡವಪುರದ ಕಡೆ ರಜೆ ಬಂತೆಂದರೆ ಆಲೆಮನೆಯಲ್ಲಿ ಕೆಲಸಕ್ಕೆ ನಿಲ್ಲುವ ವಿದ್ಯಾರ್ಥಿಗಳಿದ್ದಾರೆ. ಲಗ್ನದ ಕಾಲದಲ್ಲಿ ಶ್ರೀರಂಗಪಟ್ಟಣದ ಛತ್ರಗಳಲ್ಲಿ ಬಡಿಸಲು ಹೋಗುವವರಿದ್ದಾರೆ. ಕೃಷ್ಣರಾಜಪೇಟೆ, ನಾಗಮಂಗಲಗಳ ಅಂಗಡಿಗಳಲ್ಲಿ ಸಂಜೆ ಲೆಕ್ಕ ಬರೆಯುವವರೂ ಉಂಟು.

ಈಗ ಓದಿನ ಆಸೆ ಕಡಲು ದಾಟಿದೆ. ಅದರೊಡನೆ ದುಡಿಮೆಯ ಆಸೆಯೂ ದಾಟಿದೆ. ‘ಹೇಗಾದರೂ ಒಮ್ಮೆ ಅಲ್ಲಿಗೆ ಹೋಗಿ ಸೇರಿಬಿಡು, ಪಾರ್ಟ್‌ಟೈಮ್ ಕೆಲಸ ಮಾಡಿದರೆ ಫೀಜು ತಾನೇ ಹುಟ್ಟುತ್ತದೆ’ ಎಂಬ ಮಾತು ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಹಳ್ಳಿಗಳಲ್ಲೂ ಕೇಳಿಬರುತ್ತದೆ. ಈ ಮಾತನ್ನು ನಂಬಿ ಗದ್ದೆಯ ಮೇಲೆ ಸಾಲ ಮಾಡುವ ತಂದೆತಾಯಿಗಳಿರುವುದರಿಂದ ಅದನ್ನು ಸ್ವಲ್ಪ ತೂಗಿ ನೋಡುವುದು ಅವಶ್ಯ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬಿಡುವಿನ ದುಡಿಮೆ ವಿದ್ಯಾರ್ಥಿಯ ಊಟವನ್ನು ನಡೆಸುತ್ತದೆ, ಬಾಡಿಗೆಗೆ ಒದಗುತ್ತದೆ. ಫೀಜನ್ನು ಕಟ್ಟುವುದಿಲ್ಲ, ಊರಿನ ಸಾಲವನ್ನಂತೂ ತೀರಿಸುವುದಿಲ್ಲ.

ಇದು ಇಂದಿನ ಸಂಗತಿಯೇ ಅಲ್ಲ. ಜಯಪ್ರಕಾಶ ನಾರಾಯಣರು 1922ರಲ್ಲಿ ಕ್ಯಾಲಿಫೋರ್ನಿಯಕ್ಕೆ ಓದಲು ಹೋದಾಗ ದ್ರಾಕ್ಷಿಯ ತೋಟಗಳಲ್ಲಿ ಕೂಲಿ ಮಾಡಿದರು, ಹೋಟೆಲಿನಲ್ಲಿ ತಟ್ಟೆ ತೊಳೆದರು. ಆದರೂ ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಫೀಜು ಇಮ್ಮಡಿಯಾದಾಗ ಆ ಕೂಲಿ ಸಾಲದೆ, ಖರ್ಚು ಕಡಿಮೆಯಿದ್ದ ಅಯೋವಕ್ಕೆ ಹೋಗಬೇಕಾಯಿತು. ಅವರು ಸ್ವದೇಶಕ್ಕೆ ಮರಳಿದ್ದು 1929ರಲ್ಲಿ. ಅದೇ ದಶಕದಲ್ಲಿ ಬಾಸ್ಟನ್ನಿನ ಹಾರ್ವರ್ಡಿನಲ್ಲಿ ಓದುತ್ತಿದ್ದ ಆಂಧ್ರದ ವೈದ್ಯ ಯಲ್ಲಾಪ್ರಗಡ ಸುಬ್ಬರಾಯರು ಆಸ್ಪತ್ರೆಯೊಂದರಲ್ಲಿ ರಾತ್ರಿಯ ಪೋರ್ಟರಾಗಿ ದುಡಿದರು. ಮುಂದೆ ರಕ್ತದಲ್ಲಿನ ರಂಜಕವನ್ನು ಅಳೆಯುವ ವಿಧಾನಕ್ಕೆ ಫಿಸ್ಕೆಯವರ ಹೆಸರಿನೊಡನೆ ಇವರ ಹೆಸರೂ ಸೇರಿತು. ಇಂಥವರ ಕಥೆಯನ್ನು ಹುರುಪಿಗಾಗಿ ಓದುವವರು, ಅವರಿಗೆ ದುಡಿಮೆಯಿಂದ ಎಷ್ಟು ಸಿಕ್ಕಿತು, ಎಷ್ಟು ಸಿಗಲಿಲ್ಲ ಎಂಬುದನ್ನೂ ಗಮನಿಸಬೇಕು.

ಮೊದಲನೆಯ ಸಂಗತಿ ಕಾನೂನು. ವಿದ್ಯಾರ್ಥಿಯ ವೀಸಾ ಓದಲು ಕೊಟ್ಟ ಅನುಮತಿಯೇ ಹೊರತು ದುಡಿಯಲು ಕೊಟ್ಟದ್ದಲ್ಲ. ದುಡಿಮೆಗೆ ಒಂದು ಮಿತಿ ಉಂಟು. ಇಂಗ್ಲೆಂಡಿನಲ್ಲಿ ಪದವಿಮಟ್ಟದ ವಿದ್ಯಾರ್ಥಿ ಪಾಠ ನಡೆಯುವ ಕಾಲದಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು. ಕೆನಡಾ 2024ರ ನವೆಂಬರಿನಲ್ಲಿ ಈ ಮಿತಿಯನ್ನು 24 ಗಂಟೆಗೆ ನಿಲ್ಲಿಸಿತು. ಆಸ್ಟ್ರೇಲಿಯ 2023ರ ಜುಲೈಯಲ್ಲಿ ಎರಡು ವಾರಕ್ಕೆ 48 ಗಂಟೆ ಎಂದು ಗೊತ್ತುಮಾಡಿತು. ಜರ್ಮನಿ ದಿನದ ಲೆಕ್ಕ ಇಟ್ಟುಕೊಂಡಿದೆ: 2024ರ ಮಾರ್ಚಿಯಿಂದ ವರ್ಷಕ್ಕೆ 140 ಪೂರ್ಣ ದಿನ, ಇಲ್ಲವೆ 280 ಅರ್ಧ ದಿನ. ಅಮೆರಿಕದ ನಿಯಮ ಎಲ್ಲಕ್ಕಿಂತ ಬಿಗಿಯಾದದ್ದು. ಅಲ್ಲಿ ಮೊದಲ ವರ್ಷ ವಿಶ್ವವಿದ್ಯಾನಿಲಯದ ಆವರಣದೊಳಗೆ ಮಾತ್ರ, ಅದೂ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ಮೀರದಂತೆ ಕೆಲಸ. ಇಂಥ ನಿಯಮಗಳು ಸರ್ಕಾರ ಬದಲಾದಂತೆ ಬದಲಾಗುತ್ತವೆ. ಹೊರಡುವವರು ಆಯಾ ದೇಶದ ಸರ್ಕಾರದ ಪ್ರಕಟಣೆಯನ್ನೇ ನೋಡಬೇಕು, ಏಜೆಂಟರ ಮಾತನ್ನಲ್ಲ.

ಎರಡನೆಯದು ಲೆಕ್ಕ. ಇದರಲ್ಲಿಯೇ ನಮ್ಮವರು ಎಡವುವುದು. ಇಂಗ್ಲೆಂಡಿನಲ್ಲಿ 2025ರ ಏಪ್ರಿಲಿನಲ್ಲಿ 21 ವರ್ಷ ತುಂಬಿದವರಿಗೆ ಗೊತ್ತಾದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡು. ಪೌಂಡಿಗೆ ನೂರು ರೂಪಾಯಿ ಎಂದೇ ಹಿಡಿದರೂ ಗಂಟೆಗೆ ಸಾವಿರದ ಇನ್ನೂರು ರೂಪಾಯಿಯಾಯಿತು! ಕೊಪ್ಪರಿಗೆಯ ಮುಂದೆ ಬೆಂಕಿಯ ಝಳದಲ್ಲಿ ದಿನವಿಡೀ ನಿಲ್ಲುವವನಿಗೆ ಇದು ಸ್ವರ್ಗದ ಕೂಲಿಯಾಗಿ ಕಾಣುವುದು ಸಹಜ. ಆದರೆ ಈ ಗುಣಾಕಾರವೇ ಮೋಸದ ಮೂಲ. ಸಂಪಾದನೆ ಪೌಂಡಿನಲ್ಲಿ ಬಂದಂತೆ ಖರ್ಚೂ ಪೌಂಡಿನಲ್ಲಿಯೇ ಹೋಗುತ್ತದೆ. ವಾರಕ್ಕೆ 20 ಗಂಟೆ, ಒಂದು ದಿನವೂ ತಪ್ಪದಂತೆ ದುಡಿದರೆ ಕೈಗೆ 244 ಪೌಂಡು, ತಿಂಗಳಿಗೆ 1,050ರ ಆಸುಪಾಸು. ಲಂಡನ್ನಿನ ಹೊರಗೆ ವಾಸಿಸುವ ವಿದ್ಯಾರ್ಥಿಗೆ ತಿಂಗಳಿಗೆ 1,136 ಪೌಂಡಾದರೂ ಬೇಕೆಂದು ಅದೇ 2025ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ಗೊತ್ತುಮಾಡಿತ್ತು. ಎಂದರೆ ಪೂರಾ ದುಡಿದವನಿಗೂ ಊಟ ಬಾಡಿಗೆಗಳಿಗೇ ಸ್ವಲ್ಪ ಕಡಿಮೆ ಬೀಳುತ್ತದೆ. ಎಂ.ಎ., ಎಂ.ಎಸ್‌ಸಿ.ಗಳಿಗೆ ಹೊರದೇಶದವರು ಕಟ್ಟುವ ವರ್ಷದ ಫೀಜು ಹದಿನೈದು ಸಾವಿರ ಪೌಂಡನ್ನು ಮೀರುವುದೇ ಹೆಚ್ಚು. ಅದು ಎಲ್ಲಿಂದ ಬರಬೇಕು?

ಜರ್ಮನಿಯ ಸ್ಥಿತಿ ಬೇರೆ. ಅಲ್ಲಿ ಬಹುಪಾಲು ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವೇ ಇಲ್ಲ. ಆದರೆ ಹೊರಡುವ ಮುನ್ನವೇ ಒಂದು ವರ್ಷದ ಜೀವನವೆಚ್ಚವನ್ನು ಬ್ಯಾಂಕಿನಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋ ಆಯಿತು. ಜರ್ಮನ್ ಭಾಷೆ ಬಾರದವನಿಗೆ ಅಂಗಡಿಯ, ಹೋಟೆಲಿನ ಕೆಲಸವೂ ಸುಲಭವಾಗಿ ದೊರೆಯದು. ನಮ್ಮ ಕಾಲೇಜಿನಂಥ ಕಡೆ ಓದುವವರು ಆ ಭಾಷೆಯನ್ನು ಇಲ್ಲಿಯೇ ಒಂದೆರಡು ವರ್ಷ ಕಲಿತು ಹೋಗುವುದು ಲೇಸು.

ಹಾಗಾದರೆ ಕೆಲಸ ಹುಡುಕುವುದು ಹೇಗೆ? ಬಹುತೇಕ ವಿಶ್ವವಿದ್ಯಾನಿಲಯಗಳಲ್ಲಿ ವಿದ್ಯಾರ್ಥಿಗಳ ಉದ್ಯೋಗಕ್ಕೆಂದೇ ಒಂದು ಕಚೇರಿ ಇರುತ್ತದೆ. ಹೋದ ಮೊದಲ ವಾರದಲ್ಲಿಯೇ ಅಲ್ಲಿ ಹೆಸರು ಕೊಡಬೇಕು. ತಡಮಾಡಿದವರಿಗೆ ಒಳ್ಳೆಯ ಕೆಲಸಗಳು ಉಳಿದಿರುವುದಿಲ್ಲ. ಪುಸ್ತಕಭಂಡಾರದಲ್ಲಿ ಪುಸ್ತಕ ಜೋಡಿಸುವುದು, ಊಟದ ಮನೆಯಲ್ಲಿ ಬಡಿಸುವುದು, ವಿದ್ಯಾರ್ಥಿನಿಲಯದ ಬಾಗಿಲ ಬಳಿ ರಾತ್ರಿ ಕಾವಲು ಕೂರುವುದು, ಕಿರಿಯ ತರಗತಿಯವರಿಗೆ ಪಾಠ ಹೇಳುವುದು ಇಂಥವು ಆವರಣದೊಳಗೇ ಸಿಗುತ್ತವೆ. ರಾತ್ರಿ ಕಾವಲಿನಂಥ ಕೆಲಸದಲ್ಲಿ ನಡುನಡುವೆ ಓದಲೂ ಬಿಡುವು ದೊರೆಯುವುದುಂಟು. ಅಡಿಗೆಮನೆಯ ಕೆಲಸದಲ್ಲಿ ಕಾಲು ಸೋತು ಮರುದಿನದ ಪಾಠಕ್ಕೆ ನಿದ್ದೆ ಬರುತ್ತದೆ. ಕೂಲಿ ನಾಲ್ಕು ಕಾಸು ಕಡಿಮೆಯಾದರೂ ಮೊದಲನೆಯದನ್ನೇ ಆರಿಸಿಕೊಳ್ಳಬೇಕೆಂದು ನಮಗೆ ತೋರುತ್ತದೆ.

ಕೆಲಸ ಕೇಳುವಾಗ ಒಂದು ಪುಟದ ಸ್ವವಿವರ ಕೊಡಬೇಕಾಗುತ್ತದೆ. ನಮ್ಮ ವಿದ್ಯಾರ್ಥಿಗಳು ಅದರಲ್ಲಿ ಪರೀಕ್ಷೆಯ ಅಂಕಗಳನ್ನು ತುಂಬಿ, ಛತ್ರದಲ್ಲಿ ಐನೂರು ಜನಕ್ಕೆ ಬಡಿಸಿದ್ದನ್ನು, ಆಲೆಮನೆಯ ತೂಕದ ಲೆಕ್ಕ ಬರೆದದ್ದನ್ನು ಬಚ್ಚಿಡುತ್ತಾರೆ. ಅಲ್ಲಿನ ಊಟದ ಮನೆಯ ಯಜಮಾನನಿಗೆ ಬೇಕಾದದ್ದು ಇದೇ ಎರಡನೆಯ ಸಂಗತಿ! ತಟ್ಟೆ ತೊಳೆದರೆ ಮಾನ ಹೋಗುತ್ತದೆಂಬ ಭಾವನೆಯನ್ನು ವಿಮಾನ ಹತ್ತುವ ಮೊದಲೇ ಬಿಟ್ಟುಬಿಡಬೇಕು.

ಬಿಡಬೇಕಾದದ್ದು ಇನ್ನೊಂದಿದೆ: ಕಾನೂನಿನ ಕಣ್ಣಿಗೆ ಬೀಳದ ಕೆಲಸ. ದಾಖಲೆಯಿಲ್ಲದೆ ಕೈಗೆ ನಗದು ಕೊಡುವ ಯಜಮಾನನು ಕನಿಷ್ಠ ಕೂಲಿಯನ್ನು ಕೊಡದಿದ್ದರೂ ದೂರುವಂತಿಲ್ಲ, ಏಕೆಂದರೆ ದೂರಿದವನ ಗಂಟೆಗಳೇ ಮಿತಿ ಮೀರಿರುತ್ತವೆ. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿ ಸ್ವಂತ ವ್ಯಾಪಾರ ಮಾಡುವಂತಿಲ್ಲ. ಮೊಬೈಲ್ ಆಪ್‌ಗಳ ಮೂಲಕ ಮನೆಮನೆಗೆ ಊಟ ತಲುಪಿಸುವ ಕೆಲಸವೂ ಸಾಮಾನ್ಯವಾಗಿ ಸ್ವಂತ ವ್ಯಾಪಾರವೆಂದೇ ಗಣನೆಗೆ ಬರುವುದರಿಂದ ಅದು ನಿಷಿದ್ಧ. ಇನ್ನೊಬ್ಬರ ಖಾತೆಯನ್ನು ಬಾಡಿಗೆಗೆ ಪಡೆದು ಅದನ್ನೇ ಮಾಡುವವರಿದ್ದಾರೆ. ಸಿಕ್ಕಿಬಿದ್ದರೆ ವೀಸಾ ರದ್ದಾಗುತ್ತದೆ. ಓದೂ ಇಲ್ಲ, ದುಡಿಮೆಯೂ ಇಲ್ಲ, ಊರಿನಲ್ಲಿ ಸಾಲ ಮಾತ್ರ ಹಾಗೆಯೇ ಇರುತ್ತದೆ.

ಫೀಜಿನ ಪ್ರಶ್ನೆಗೆ ಉತ್ತರವೇ ಇಲ್ಲವೆಂದಲ್ಲ. ಉತ್ತರ ಇರುವುದು ಹೊರಡುವ ಮೊದಲಿನ ವರ್ಷದಲ್ಲಿ. ಅಮೆರಿಕದಲ್ಲಿ ಬೋಧನಾ ಸಹಾಯಕ, ಸಂಶೋಧನಾ ಸಹಾಯಕ ಎಂಬ ಸ್ಥಾನಗಳಿವೆ. ಪಿಎಚ್.ಡಿ. ಮಾಡುವವರಿಗೆ ಹೆಚ್ಚಾಗಿ, ಎಂ.ಎ. ಓದುವವರಿಗೆ ಅಪರೂಪವಾಗಿ ಇವು ದೊರೆಯುತ್ತವೆ. ಇದರಲ್ಲಿ ಫೀಜು ಮಾಫಿಯಾಗಿ ಮೇಲೆ ಸಂಬಳವೂ ಬರುವುದು ವಾಡಿಕೆ. ಇದನ್ನು ಅಲ್ಲಿಗೆ ಹೋಗಿ ಹುಡುಕುವುದಕ್ಕಿಂತ ಇಲ್ಲಿಂದಲೇ, ಅರ್ಜಿಯ ಜೊತೆಗೇ ಕೇಳಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರದ ಪ್ರಬುದ್ಧ ವಿದ್ಯಾರ್ಥಿವೇತನ ಇದೆ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ವಿದ್ಯಾರ್ಥಿವೇತನವೂ ಇದೆ. ಸಾಲವೇ ಗತಿಯೆನ್ನುವವರು ಒಂದನ್ನು ತಿಳಿದಿರಬೇಕು: ಬಹಳ ಬ್ಯಾಂಕುಗಳು ವಿದ್ಯಾಸಾಲಕ್ಕೆ ಕೃಷಿಭೂಮಿಯನ್ನು ಆಧಾರವಾಗಿ ಒಪ್ಪುವುದಿಲ್ಲ. ಆಗ ರೈತ ಕೈಸಾಲದವರ ಬಳಿಗೆ ಹೋಗುತ್ತಾನೆ, ಅಲ್ಲಿನ ಬಡ್ಡಿ ಎಂಥದೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ನಾಲೆಯ ನೀರು ಹರಿಯುವ ಒಂದೆಕರೆ ಕಬ್ಬಿನ ಗದ್ದೆಯನ್ನು ವಾರಕ್ಕೆ 20 ಗಂಟೆಯ ಕೂಲಿಯಿಂದ ಬಿಡಿಸಿಕೊಳ್ಳಬಹುದೇ ಎಂದು ತಂದೆಯೂ ಮಗನೂ, ತಾಯಿಯೂ ಮಗಳೂ ಒಂದು ಸಂಜೆ ಕಾಗದ ಪೆನ್ಸಿಲು ಹಿಡಿದು ಒಟ್ಟಿಗೆ ಕೂತು ನೋಡಬೇಕು.

ಇಷ್ಟೆಲ್ಲ ಆಲೋಚಿಸಿ ಹೊರಟವರು ಜೊತೆಗೆ ಒಯ್ಯಬೇಕಾದದ್ದು ಸ್ವಲ್ಪವೇ: ಕೈಯಲ್ಲಿ ಮೊದಲ ಮೂರು ತಿಂಗಳ ಖರ್ಚು, ಹಿಂದೆ ಕೆಲಸ ಮಾಡಿದ ಕಡೆಯಿಂದ ಒಂದು ಪ್ರಮಾಣಪತ್ರ, ತಮ್ಮನ್ನು ಬಲ್ಲ ಅಧ್ಯಾಪಕರಿಂದ ಇಂಗ್ಲಿಷಿನಲ್ಲಿ ಒಂದು ಶಿಫಾರಸು ಪತ್ರ. ಅಮೆರಿಕಕ್ಕೆ ಹೋಗುವವರು ಕೆಲಸ ಗೊತ್ತಾದ ಪತ್ರ ಕೈಗೆ ಬಂದ ಮೇಲೆಯೇ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಗೆ ಅರ್ಜಿ ಹಾಕಲಾಗುತ್ತದೆ. ಆದುದರಿಂದ ಮೊದಲ ಸಂಬಳ ಬರುವುದು ಎಣಿಸಿದ್ದಕ್ಕಿಂತ ಕೆಲವು ವಾರ ತಡವಾಗುತ್ತದೆ. ಆ ವಾರಗಳ ಊಟ ಊರಿನಿಂದ ತಂದ ಹಣದಲ್ಲಿಯೇ ನಡೆಯಬೇಕು.