ಹೊಸ ಲಿವರ್, ಹಳೆಯ ಕ್ಯಾಲಿಪರ್

ನಂದಿ ಬೆಟ್ಟ ಇಳಿಯುವಾಗ ಬ್ರೇಕ್ ಲಿವರ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ ಎಂದು ಬರೆದಿದ್ದೀರಿ. ಪ್ಯಾಡ್ ಬದಲಿಸಿ ದುಡ್ಡು ಕಳೆಯಬೇಡಿ. ನೀವು ಕಳಿಸಿದ ಫೋಟೋದಲ್ಲೇ ಉತ್ತರವಿದೆ: ಲಿವರ್ ಶಿಮಾನೊ 105ರ 5700 ಮಾದರಿ, ಕ್ಯಾಲಿಪರ್ ಅದಕ್ಕಿಂತ ಹಳೆಯ 5600. ಮನೆತನ ಒಂದೇ, ತಲೆಮಾರು ಬೇರೆ.

5700 ಲಿವರ್ ಒಂದೇ ಹಿಡಿತಕ್ಕೆ ಹಳೆಯದಕ್ಕಿಂತ ಹೆಚ್ಚು ಕೇಬಲ್ ಎಳೆಯುತ್ತದೆ. ಎಳೆತ ಹೆಚ್ಚಿದಷ್ಟೂ ಕೇಬಲ್ಲಿಗೆ ಸಿಗುವ ಬಲ ಕಡಿಮೆ. ಆ ಕೊರತೆ ತುಂಬುವಂತೆ 5700 ಕ್ಯಾಲಿಪರಿನ ತೋಳುಗಳನ್ನು ರೂಪಿಸಿದ್ದಾರೆ. ನಿಮ್ಮ 5600ಕ್ಕೆ ಆ ಗುಣವಿಲ್ಲ. ಹಾಗಾಗಿ ಪ್ಯಾಡ್ ಥಟ್ಟನೆ ರಿಮ್ಮಿಗೆ ತಾಗುತ್ತದೆ, ಒತ್ತುವುದಿಲ್ಲ. ಕೇಬಲ್ ಬಿಗಿ ಮಾಡುವ ತಿರುಪು ಎಷ್ಟು ತಿರುಗಿಸಿದರೂ ಇದು ಸರಿಹೋಗದು. ಜೋಡಿ ಉಲ್ಟಾ ಆಗಿದ್ದರೆ, ಅಂದರೆ ಹಳೆಯ ಲಿವರಿಗೆ ಹೊಸ ಕ್ಯಾಲಿಪರ್ ಇದ್ದರೆ, ಲಿವರ್ ಮೆತ್ತಗಾಗಿ ಹ್ಯಾಂಡಲ್ ಕಡೆಗೆ ದೂರ ಬರುತ್ತಿತ್ತು.

5700 ಕ್ಯಾಲಿಪರ್ ಜೋಡಿ ಹುಡುಕಿ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಕೊಳ್ಳುವ ಮೊದಲು ಬ್ರೇಕ್ ಬೋಲ್ಟಿನ ನಡುವಿನಿಂದ ರಿಮ್ಮಿನಲ್ಲಿ ಪ್ಯಾಡ್ ಕೂರುವ ಜಾಗದ ನಡುವಿಗೆ ಸ್ಕೇಲ್ ಹಿಡಿಯಿರಿ. ಸುಮಾರು 39ರಿಂದ 49 ಮಿಲಿಮೀಟರ್ ಒಳಗಿದ್ದರೆ ಸರಿ. ಹಳೆಯ ಫ್ರೇಮುಗಳಲ್ಲಿ ಈ ಅಂತರ 50 ದಾಟುವುದುಂಟು. ಆಗ ಉದ್ದ ತೋಳಿನ ಕ್ಯಾಲಿಪರ್ ಬೇಕು.

ನಿಮ್ಮ ಗೆಳೆಯರು ಕೊಡುತ್ತೇನೆಂದ ಮೌಂಟನ್ ಬೈಕಿನ ವಿ-ಬ್ರೇಕ್ ಬೇಡವೇ ಬೇಡ. ಅದಕ್ಕೆ ರೋಡ್ ಲಿವರಿನ ಸುಮಾರು ಎರಡರಷ್ಟು ಎಳೆತ ಬೇಕು.

ಹೊಸ ಕ್ಯಾಲಿಪರಿನ ಜೊತೆಗೆ ಕೇಬಲ್ಲನ್ನೂ ಬದಲಿಸಿ, ಸಮತಟ್ಟಾದ ರಸ್ತೆಯಲ್ಲಿ ಹತ್ತಿಪ್ಪತ್ತು ಸಲ ಹಿಡಿದು ನೋಡಿ. ಅಲ್ಲಿಯವರೆಗೆ ಬೆಟ್ಟಕ್ಕೆ ಹೋಗಬೇಡಿ.