ಹೆಬ್ಬೂರಿನಲ್ಲೇ ಕೂತು ಪರಮಾಣು ಕೀಳಿ: ಮೆಟೀರಿಯಲ್ಸ್ ಮಾಡೆಲಿಂಗ್‌ಗೆ 6 ಸೂತ್ರಗಳು

ಹೆಬ್ಬೂರಿರುವ ತುಮಕೂರು ಜಿಲ್ಲೆಯಲ್ಲೇ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಯಿತು. ಅಂಥ ಯಂತ್ರಗಳಲ್ಲಿ ಲೋಹ ಬಿರುಕು ಬಿಡುವುದು, ಮೇಲ್ಮೈ ಸವೆಯುವುದು ಎಲ್ಲವೂ ಪರಮಾಣುಗಳ ಮಟ್ಟದಲ್ಲೇ ಶುರು. ಅದನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ವಿದ್ಯೆ ನಿಮ್ಮದಾಗಲಿ.

1. ಸೂಪರ್‌ಕಂಪ್ಯೂಟರ್‌ಗಾಗಿ ಕಾಯಬೇಡಿ. ಕ್ವಾಂಟಮ್ ಎಸ್‌ಪ್ರೆಸ್ಸೊ, ಲ್ಯಾಂಪ್ಸ್ ಎಂಬ ಸಾಫ್ಟ್‌ವೇರ್‌ಗಳು ಎರಡೂ ಉಚಿತ. ಎರಡು ಪರಮಾಣುಗಳ ಸಿಲಿಕಾನ್ ಲೆಕ್ಕ ಸಾಧಾರಣ ಲ್ಯಾಪ್‌ಟಾಪ್‌ನಲ್ಲೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತದೆ. ಇವತ್ತೇ ಇನ್‌ಸ್ಟಾಲ್ ಮಾಡಿ.

2. ಲಿನಕ್ಸ್, ಪೈಥಾನ್ ಕಲಿಯಿರಿ. ಇವಿಲ್ಲದೆ ಮುಂದಿನ ಹೆಜ್ಜೆಗಳು ಕಷ್ಟ.

3. ಮೇಲ್ಮೈಯನ್ನು ನೀವೇ ಕತ್ತರಿಸಿ. ತಾಮ್ರದ ಏಳು ಪದರಗಳ ಸ್ಲ್ಯಾಬ್ ಕಟ್ಟಿ, ಮೇಲೆ 15 ಆಂಗ್‌ಸ್ಟ್ರಾಮ್ ಖಾಲಿ ಜಾಗ ಬಿಡಿ. ಸ್ಲ್ಯಾಬ್‌ನ ಎನರ್ಜಿಯಿಂದ ಮೇಲ್ಮೈ ಇಲ್ಲದ, ಅಷ್ಟೇ ಪರಮಾಣುಗಳ ಒಳಲೋಹದ ಎನರ್ಜಿ ಕಳೆಯಿರಿ, ಉಳಿದದ್ದನ್ನು ವಿಸ್ತೀರ್ಣದ ಎರಡರಷ್ಟರಿಂದ ಭಾಗಿಸಿ: ಅದೇ ಮೇಲ್ಮೈ ಎನರ್ಜಿ. ಎರಡರಷ್ಟು ಯಾಕೆ? ಸ್ಲ್ಯಾಬ್‌ಗೆ ಮೇಲೊಂದು, ಕೆಳಗೊಂದು ಮುಖವಿದೆ. ಹೊಸಬರು ಎಡವುವುದು ಇಲ್ಲೇ.

4. ಈಗ ಒಂದು ಪರಮಾಣು ಕಿತ್ತುಹಾಕಿ. ಉಳಿದ ಖಾಲಿ ಜಾಗವೇ ವೇಕೆನ್ಸಿ, ಎಲ್ಲಕ್ಕಿಂತ ಸರಳ ಡಿಫೆಕ್ಟ್. 32 ಪರಮಾಣುಗಳ ಸೆಲ್‌ಗೆ (ಲೆಕ್ಕದ ಪೆಟ್ಟಿಗೆ) ನಿಲ್ಲಬೇಡಿ, 108ಕ್ಕೆ ಹೋಗಿ. ಸೆಲ್ ಎಲ್ಲ ದಿಕ್ಕಿಗೂ ಮರುಕಳಿಸುವುದರಿಂದ ಚಿಕ್ಕ ಸೆಲ್‌ನಲ್ಲಿ ಒಂದು ಖಾಲಿ ಜಾಗ ಪಕ್ಕದ ಖಾಲಿ ಜಾಗದ ಮೇಲೆ ಪ್ರಭಾವ ಬೀರುತ್ತದೆ. ಆದರೆ ನಿಜವಾದ ತಾಮ್ರದಲ್ಲಿ, ಕರಗುವ ಹಂತದ ಶಾಖದಲ್ಲೂ, ಸಾವಿರಾರು ಪರಮಾಣುಗಳ ನಡುವೆ ಒಂದೇ ಖಾಲಿ ಜಾಗ. ನನಗಂತೂ ಈ ವಿದ್ಯೆಯ ಅತಿ ಸುಂದರ ಭಾಗ ಇದೇ: ಇಲ್ಲದ ಒಂದು ಪರಮಾಣು ಇಡೀ ಲೋಹದ ಗುಣ ಬದಲಿಸುತ್ತದೆ. ತಾಮ್ರದಂಥ ಲೋಹದಲ್ಲಿ ಪರಮಾಣುಗಳು ಜಾಗ ಬದಲಿಸಿ ಓಡಾಡುವುದು ಮುಖ್ಯವಾಗಿ ಈ ಖಾಲಿ ಜಾಗಗಳ ಮೂಲಕವೇ.

5. ಮೊದಲ ಉತ್ತರವನ್ನು ನಂಬಬೇಡಿ. ಕಟ್‌ಆಫ್ (ಎಲೆಕ್ಟ್ರಾನ್ ಅಲೆಗಳ ಎನರ್ಜಿ ಮಿತಿ) ಏರಿಸಿ, ಕೆ-ಪಾಯಿಂಟ್ (ಲೆಕ್ಕದ ಜಾಲರಿಯ ಬಿಂದುಗಳು) ಹೆಚ್ಚಿಸಿ, ಪದರ ಸೇರಿಸಿ. ಉತ್ತರ ಅಲುಗಾಡದೆ ನಿಲ್ಲುವವರೆಗೆ ಬಿಡಬೇಡಿ; ಹಾಗೆ ನಿಲ್ಲುವುದೇ ಕನ್ವರ್ಜೆನ್ಸ್. 'ನನ್ನ ಕೈಲಾಗುತ್ತಾ' ಅನ್ನುವ ಅನುಮಾನಕ್ಕೂ ಇದೇ ಮದ್ದು: ಅಳೆಯಿರಿ, ಗ್ರಾಫ್ ಹಾಕಿ, ಮುಂದೆ ಹೋಗಿ.

6. ಬೆಂಗಳೂರಿನ ಜಕ್ಕೂರಿನ ಕಡೆ ಕಣ್ಣಿಡಿ. ಅಲ್ಲಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಶೋಭನಾ ನರಸಿಂಹನ್, ಉಮೇಶ್ ವಾಘ್ಮಾರೆ ಅವರಂಥವರು ಇದೇ ಕ್ಷೇತ್ರದಲ್ಲಿ ಕೆಲಸ ಮಾಡಿದವರು. ಅವರ ಪೇಪರ್ ಓದಿ. ಕೇಂದ್ರದ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕಿ. 'ನನಗೆ ತುಂಬಾ ಆಸಕ್ತಿ ಇದೆ' ಎಂದು ಬರೆದು ನಿಲ್ಲಿಸಬೇಡಿ; ನೀವೇ ಮಾಡಿದ ವೇಕೆನ್ಸಿ ಲೆಕ್ಕವನ್ನೂ ಅದರ ಕನ್ವರ್ಜೆನ್ಸ್ ಗ್ರಾಫನ್ನೂ ತೋರಿಸಿ.